ಬ್ಯಾಟರಿಯೊಳಗಿನ ಶೆಲ್ಲು ಬದಲಾದಾಗ

ನಮ್ಮ ಮಲೆನಾಡಿನ ಕಡೆ ಟಾರ್ಚಿಗೆ ಬ್ಯಾಟರಿ ಎಂದೇ ಹೆಸರು. ಒಳಗೆ ಹಾಕುವುದು ಶೆಲ್ಲು, ಮುಂದೆ ಉರಿಯುವುದು ಬುರುಡೆ. ‘ಇಲ್ಲಿ ಸ್ವಲ್ಪ ಬ್ಯಾಟರಿ ಬಿಡು’ ಎಂದರೆ ಬೆಳಕು ಹಾಯಿಸು ಎಂದರ್ಥ. ಎರಡು ಶೆಲ್ಲಿನದು ಮನೆಬಳಕೆಗೆ, ಮೂರು ಶೆಲ್ಲಿನದು ಗದ್ದೆ ಕಾಯುವುದಕ್ಕೆ. ಎವರೆಡಿಯವರ ಹಿತ್ತಾಳೆಯ ಜೀವನ್ ಸಾಥಿ ಟಾರ್ಚು ಇದ್ದ ಮನೆಯಲ್ಲಿ ಅದು ಕೋವಿಯಷ್ಟೇ ಜೋಪಾನದ ವಸ್ತು. ಬೆಳಕು ಕೆಂಪಾಗುತ್ತ ಬಂದರೆ ಶೆಲ್ಲುಗಳನ್ನು ತೆಗೆದು ಅಂಗಳದ ಬಿಸಿಲಿಗಿಟ್ಟು, ಇನ್ನೆರಡು ರಾತ್ರಿಯ ಬೆಳಕು ಗಿಟ್ಟಿಸುತ್ತಿದ್ದರು.

ಆ ಶೆಲ್ಲುಗಳು ನಮ್ಮ ಕೈಗೆ ಒಂದು ಅಭ್ಯಾಸ ಹಾಕಿಕೊಟ್ಟವು. ಅಳತೆ ನೋಡುವುದು, ತುರುಕುವುದು, ಮುಚ್ಚಳ ತಿರುಗಿಸುವುದು. ಯಾವ ಕಂಪನಿಯದಾದರೂ, ದಪ್ಪದ್ದಾದರೂ ಪೆನ್ಸಿಲ್ ಶೆಲ್ಲಾದರೂ ಒಂದೊಂದರದೂ 1.5 ವೋಲ್ಟ್. ಕೊಳವೆಯೊಳಗೆ ಕೂತಿತು ಎಂದರೆ ಹೊಂದಿತು ಎಂದೇ ಲೆಕ್ಕ. ಹೆಚ್ಚೆಂದರೆ ರಸ ಸೋರಿ ಸ್ಪ್ರಿಂಗಿಗೆ ಕಿಲುಬು ಹತ್ತುತ್ತಿತ್ತು. ಲಿಥಿಯಂ ಶೆಲ್ಲು ಬಂದ ಮೇಲೆ ಈ ಅಭ್ಯಾಸವನ್ನು ಬಿಡಬೇಕಿತ್ತು. ನಾವಿನ್ನೂ ಬಿಟ್ಟಿಲ್ಲ ಎನ್ನುವುದು ಹೋದ ಮಳೆಗಾಲದಲ್ಲಿ ನಮ್ಮ ಮನೆಯಲ್ಲೇ ಗೊತ್ತಾಯಿತು.

ಚಿಕ್ಕಪ್ಪನ ಟಾರ್ಚು ಹಿಂಬದಿಯಲ್ಲಿ ಎರಡು ಪಿನ್ನು ಇರುವ, ನೇರವಾಗಿ ಗೋಡೆಯ ಪ್ಲಗ್ಗಿಗೇ ಚುಚ್ಚುವ ಜಾತಿಯದು. ಒಳಗಿದ್ದ 4 ವೋಲ್ಟಿನ ಸೀಸದ ಬ್ಯಾಟರಿ ಉಬ್ಬಿಕೊಂಡು ಸತ್ತಿತ್ತು. ಪೇಟೆಯ ರಿಪೇರಿ ಅಂಗಡಿಗೆ ಕೊಟ್ಟು ‘ಲಿಥಿಯಂ ಹಾಕಿಸಿಕೊಂಡು’ ಬಂದಿದ್ದರು. ‘ಮೊದಲಿನದಕ್ಕಿಂತ ಡಬ್ಬಲ್ ಬೆಳಕು ಮಾರಾಯ, ತೂಕವೂ ಇಲ್ಲ’ ಎಂದು ಖುಷಿಪಟ್ಟು ತೋರಿಸಿದರು. ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದರೆ ಮೂರು ದಿನ ಕರೆಂಟಿಲ್ಲದ ಊರು ನಮ್ಮದು. ಯಾವಾಗ ಬೇಕಾಗುತ್ತದೋ ಎಂದು ಅವರು ಟಾರ್ಚನ್ನು ಹಗಲೂ ರಾತ್ರಿ ಪ್ಲಗ್ಗಿನಲ್ಲೇ ಇಟ್ಟಿರುತ್ತಿದ್ದರು. ಒಂದು ಬೆಳಿಗ್ಗೆ ಕೈಗೆತ್ತಿಕೊಂಡಾಗ ಅದು ಆಗಷ್ಟೇ ಇಟ್ಟ ಕೋಳಿಮೊಟ್ಟೆಯಷ್ಟು ಬೆಚ್ಚಗಿತ್ತು.

ಪ್ಲಗ್ಗಿನಿಂದ ಕಿತ್ತು, ಅರ್ಧ ಗಂಟೆ ಬಿಟ್ಟು, ನಾಲ್ಕು ಸ್ಕ್ರೂ ಬಿಚ್ಚಿದೆ. ಹಳೆಯ ಬ್ಯಾಟರಿ ಇದ್ದ ಚೌಕದ ಗೂಡಿನಲ್ಲಿ ನೀಲಿ ಹೊದಿಕೆಯ ಒಂದು ಉರುಟು ಶೆಲ್ಲು ಅಡ್ಡ ಮಲಗಿತ್ತು. ಎರಡು ತುದಿಗೂ ವೈರನ್ನು ನೇರ ಬೆಸೆದು, ಅಲುಗದ ಹಾಗೆ ಬಿಸಿ ಅಂಟು ಸುರಿದಿದ್ದರು. ಮಲ್ಟಿಮೀಟರ್ ಮುಟ್ಟಿಸಿದರೆ 4.41 ವೋಲ್ಟ್.

‘ಎಷ್ಟಿರಬೇಕಿತ್ತು?’ ಎಂದರು ಚಿಕ್ಕಪ್ಪ.

‘4.2 ದಾಟಬಾರದು.’

‘ಪಾಯಿಂಟ್ ಎರಡಕ್ಕೆ ಇಷ್ಟು ಗಾಬರಿಯಾ?’

ಅವರ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಬೇಕಾದರೆ ಆ ನೀಲಿ ಹೊದಿಕೆಯ ಒಳಗೆ ಹೋಗಬೇಕು.

ಉಕ್ಕಿನ ಡಬ್ಬಿಯೊಳಗೆ ಚಾಪೆ ಸುತ್ತಿಟ್ಟ ಹಾಗೆ ಪದರಗಳ ಒಂದು ಸುರುಳಿ ಇರುತ್ತದೆ. ಒಂದು ಪದರ ತಾಮ್ರದ ತೆಳು ಹಾಳೆ, ಅದಕ್ಕೆ ಗ್ರಾಫೈಟ್ ಬಳಿದಿರುತ್ತದೆ. ಇನ್ನೊಂದು ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ಲಿಥಿಯಂ ಕೂಡಿದ ಲೋಹದ ಆಕ್ಸೈಡ್. ನಡುವೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪರದೆ. ಇಡೀ ಸುರುಳಿ ಒಂದು ದ್ರವದಲ್ಲಿ ನೆನೆದಿರುತ್ತದೆ. ಆ ದ್ರವ ಸೀಮೆಎಣ್ಣೆಯ ಹಾಗೆ ಹೊತ್ತಿಕೊಳ್ಳುವಂಥದ್ದು. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಆಕ್ಸೈಡ್ ಬಿಟ್ಟು ಗ್ರಾಫೈಟಿನ ಪದರಗಳ ನಡುವೆ ಹೋಗಿ ಕೂರುತ್ತವೆ. ದೀಪ ಉರಿಯುವಾಗ ಬಂದ ದಾರಿಯಲ್ಲೇ ವಾಪಸಾಗುತ್ತವೆ. ಆಕ್ಸ್‌ಫರ್ಡಿನಲ್ಲಿ ಜಾನ್ ಗುಡ್‌ಇನಫ್ 1980ರಲ್ಲಿ ಕೋಬಾಲ್ಟ್ ಆಕ್ಸೈಡಿನ ಗುಣ ತೋರಿಸಿಕೊಟ್ಟರು, ಜಪಾನಿನ ಅಕಿರಾ ಯೋಶಿನೊ ಮತ್ತೊಂದು ಬದಿಗೆ ಇಂಗಾಲ ತಂದರು. 1991ರಲ್ಲಿ ಸೋನಿ ಇದನ್ನು ಮಾರುಕಟ್ಟೆಗಿಟ್ಟಿತು. ಈ ಇಬ್ಬರಿಗೂ, ಇವರಿಗಿಂತ ಮೊದಲೇ ದಾರಿ ತೆರೆದಿದ್ದ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಅವರಿಗೂ 2019ರ ರಸಾಯನಶಾಸ್ತ್ರದ ನೊಬೆಲ್ ಬಂತು. ಗುಡ್‌ಇನಫ್ ಅವರಿಗೆ ಆಗ 97 ವರ್ಷ.

4.2 ವೋಲ್ಟ್ ಎನ್ನುವುದು ಗ್ರಾಫೈಟಿನ ಮನೆ ತುಂಬಿತು ಎಂಬ ಗುರುತು. ಆಮೇಲೂ ತಳ್ಳುತ್ತಾ ಹೋದರೆ ಬಂದ ಲಿಥಿಯಂಗೆ ಒಳಗೆ ಜಾಗವಿಲ್ಲ. ಗ್ರಾಫೈಟಿನ ಹೊರಮೈ ಮೇಲೆ ಲೋಹವಾಗಿಯೇ ಕಟ್ಟಿಕೊಳ್ಳುತ್ತದೆ, ಅದರಿಂದ ಸೂಜಿಯಂಥ ಎಳೆಗಳು ಬೆಳೆದು ಪರದೆಯನ್ನು ಚುಚ್ಚಬಹುದು. ಆಚೆ ಬದಿಯಲ್ಲಿ ಲಿಥಿಯಂ ಖಾಲಿಯಾದ ಆಕ್ಸೈಡಿನ ಕಟ್ಟು ಸಡಿಲವಾಗಿ, ಬಿಸಿಯಾದರೆ ಆಮ್ಲಜನಕ ಬಿಡತೊಡಗುತ್ತದೆ. ಉರಿಯುವ ದ್ರವ, ಕಾವು, ಆಮ್ಲಜನಕ ಮೂರೂ ಒಂದೇ ಮುಚ್ಚಿದ ಡಬ್ಬಿಯಲ್ಲಿ. ಅದಕ್ಕೇ ಒಳ್ಳೆಯ ಚಾರ್ಜರುಗಳು 4.2ಕ್ಕೆ, ಪಾಯಿಂಟ್ ಒಂದರ ಅರ್ಧದಷ್ಟೂ ಆಚೀಚೆ ಆಗದಂತೆ ನಿಲ್ಲುತ್ತವೆ.

ಚಿಕ್ಕಪ್ಪನ ಟಾರ್ಚಿನಲ್ಲಿ ನಿಲ್ಲಿಸುವವರೇ ಇರಲಿಲ್ಲ. ಅಂಥ ಟಾರ್ಚುಗಳ ಹಿಂಬದಿಯ ಸರ್ಕ್ಯೂಟು ಬಹಳ ಅಗ್ಗದ್ದು. ಒಂದು ಕೆಪಾಸಿಟರ್, ನಾಲ್ಕು ಡಯೋಡ್, ಒಂದೆರಡು ರೆಸಿಸ್ಟರ್. 230 ವೋಲ್ಟಿನ ಲೈನಿನಿಂದ ತೊಟ್ಟು ತೊಟ್ಟಾಗಿ ಕರೆಂಟನ್ನು ಒಳಗೆ ಬಿಡುತ್ತದೆ, ತುಂಬಿತೋ ಇಲ್ಲವೋ ಎಂದು ನೋಡುವುದಿಲ್ಲ. ಸೀಸದ ಬ್ಯಾಟರಿ ಇದನ್ನು ಹೇಗೋ ಸಹಿಸುತ್ತದೆ. ತುಂಬಿದ ಮೇಲೆ ಬರುವ ಕರೆಂಟು ಅದರ ನೀರನ್ನು ಅನಿಲವಾಗಿಸುತ್ತ ವ್ಯರ್ಥವಾಗಿ ಹೋಗುತ್ತದೆ, ಬ್ಯಾಟರಿ ಒಣಗಿ ಬೇಗ ಸಾಯುತ್ತದೆ, ಅಷ್ಟೇ. ಲಿಥಿಯಂಗೆ ಈ ಸಹನೆ ಇಲ್ಲ. ಸಾಲದ್ದಕ್ಕೆ ಸೀಸದ್ದು 4 ವೋಲ್ಟ್, ಲಿಥಿಯಂನದು ಹೆಸರಿಗೆ 3.7 ವೋಲ್ಟ್. ಅಂಕಿಗಳು ಹತ್ತಿರವಿರುವುದರಿಂದ ರಿಪೇರಿಯವರಿಗೆ ಎರಡೂ ಒಂದೇ ಎನಿಸುತ್ತದೆ. ಹಾಕಿದ ಕೂಡಲೇ ದೀಪ ಉರಿಯುವುದರಿಂದ ಗಿರಾಕಿಗೂ ಸಂಶಯ ಬರುವುದಿಲ್ಲ. ಇಂಥ ಟಾರ್ಚಿನಲ್ಲಿ ಇನ್ನೊಂದು ಅಪಾಯವೂ ಇದೆ. ಒಳಗಿನ ಪ್ರತಿಯೊಂದು ತಂತಿಗೂ ಮನೆಯ ಲೈನಿನ ನೇರ ಸಂಪರ್ಕವಿರುವುದರಿಂದ, ಪ್ಲಗ್ಗಿನಲ್ಲಿದ್ದಾಗ ಅದನ್ನು ಬಿಚ್ಚುವುದಿರಲಿ, ಒಡಕು ಬಿಟ್ಟಿದ್ದರೆ ಮುಟ್ಟಲೂ ಬಾರದು.

ಇಷ್ಟೆಲ್ಲ ಹೇಳಿದ ಮೇಲೂ ನಾನು ಲಿಥಿಯಂ ಶೆಲ್ಲಿನ ಪರವೇ ಇದ್ದೇನೆ. ಕತ್ತಲಲ್ಲಿ ತೋಟದ ದಾರಿ ತುಳಿಯುವವರಿಗೆ ಟಾರ್ಚು ಶೋಕಿಯ ವಸ್ತುವಲ್ಲ. ದೇಶದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸತ್ತಿದ್ದಾರೆಂಬ ಅಂದಾಜಿದೆ, ಹೆಚ್ಚಿನವರು ಹಳ್ಳಿಯವರು, ಹೆಚ್ಚಿನ ಸಾವು ಮಳೆಗಾಲದಲ್ಲಿ. ನಮ್ಮ ರಾಜ್ಯ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ರಾತ್ರಿ ತ್ರೀಫೇಸ್ ಬಂದಾಗ ಎದ್ದು ಮೋಟರು ಹಾಕಲು ಹೋಗುವ ರೈತನ ಕಾಲ ಮುಂದಿನ ಆರು ಅಡಿ ನೆಲ ಕಾಣಬೇಕು. ಅದಕ್ಕೆ ಎಲ್‌ಇಡಿ ಮತ್ತು ಲಿಥಿಯಂ ಜೋಡಿಯಷ್ಟು ಒಳ್ಳೆಯದು ಇನ್ನೊಂದು ಬಂದಿಲ್ಲ.

ಜೋಡಿ ಎಂದು ಸುಮ್ಮನೆ ಹೇಳುತ್ತಿಲ್ಲ. ಬಿಳಿ ಎಲ್‌ಇಡಿ ಎಂದರೆ ಹಳದಿ ಫಾಸ್ಫರ್ ಬಳಿದ ನೀಲಿ ಎಲ್‌ಇಡಿ. ಆ ನೀಲಿಯನ್ನು ಸಾಧಿಸಿದ್ದಕ್ಕೆ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಸಿಕ್ಕಿತು. ಅದು ಬೆಳಗಲು ಸುಮಾರು 3 ವೋಲ್ಟ್ ಬೇಕು. 1.5 ವೋಲ್ಟಿನ ಒಂದೇ ಶೆಲ್ಲಿನಿಂದ ಉರಿಸಬೇಕಾದರೆ ವೋಲ್ಟೇಜು ಏರಿಸುವ ಪುಟ್ಟ ಸರ್ಕ್ಯೂಟು ಬೇಕೇ ಬೇಕು, ಏರಿಸುವಾಗ ಸ್ವಲ್ಪ ಶಕ್ತಿ ಸೋರುತ್ತದೆ. ಲಿಥಿಯಂ ಶೆಲ್ಲು 4.2ರಿಂದ ಶುರುವಾಗಿ ಬಹುಪಾಲು ಹೊತ್ತು 3.7ರ ಆಸುಪಾಸಿನಲ್ಲೇ ನಿಂತು, ಖಾಲಿಯಾಗುವ ಹೊತ್ತಿಗೆ 3ಕ್ಕೆ ಇಳಿಯುತ್ತದೆ. ಎಲ್‌ಇಡಿಗೆ ಬೇಕಾದ್ದಕ್ಕಿಂತ ಚೂರೇ ಮೇಲೆ. ಇಳಿಸುವ ಕೆಲಸ ಸುಲಭ. ಎರಡನ್ನೂ ಬೇರೆ ಬೇರೆ ಕಡೆ ಬೇರೆ ಬೇರೆ ಜನ ಬೇರೆ ಬೇರೆ ಕಾರಣಕ್ಕೆ ಕಂಡುಹಿಡಿದರು, ಕೊನೆಗೆ ಒಂದು ಗೇಣಿನ ಕೊಳವೆಯಲ್ಲಿ ಹೇಳಿ ಮಾಡಿಸಿದಂತೆ ಕೂಡಿಕೊಂಡವು. ಇದನ್ನು ಯೋಚಿಸಿದಾಗೆಲ್ಲ ನನಗೆ ಸಂತೋಷವಾಗುತ್ತದೆ.

ಈಗ ಅಳತೆಯ ಮಾತು. ಲಿಥಿಯಂ ಶೆಲ್ಲಿನ ಮೈಮೇಲಿನ ಐದಂಕಿಯೇ ಅದರ ಅಳತೆ. 18650 ಎಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ಉರುಟು ಆಕಾರಕ್ಕೆ. ಲ್ಯಾಪ್‌ಟಾಪುಗಳಲ್ಲಿ ಆರಾರು ಇರುತ್ತಿದ್ದವು ಇವೇ. ಟೆಸ್ಲಾ ಕಂಪನಿಯ ಮೊದಲ ಕಾರು ರೋಡ್‌ಸ್ಟರಿನಲ್ಲಿ ಇಂಥವೇ 6,831 ಇದ್ದವು. 14500 ಎನ್ನುವುದು 14 ಮಿಲಿಮೀಟರ್ ದಪ್ಪ, 50 ಮಿಲಿಮೀಟರ್ ಉದ್ದ. ಇದು ನಮ್ಮ ಪೆನ್ಸಿಲ್ ಶೆಲ್ಲಿನದೇ ಅಳತೆ. 10440 ಎನ್ನುವುದು ಟಿವಿ ರಿಮೋಟಿಗೆ ಹಾಕುವ ಸಣ್ಣ ಶೆಲ್ಲಿನ ಅಳತೆ. ತೊಂದರೆ ಶುರುವಾಗುವುದೇ ಇಲ್ಲಿ. ಅಳತೆ ಒಂದೇ, ವೋಲ್ಟೇಜು ಎರಡೂವರೆ ಪಾಲು.

ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಸಿಗುವ ಜೂಮ್ ಟಾರ್ಚನ್ನು ನೀವು ನೋಡಿರಬಹುದು. ಅದರ ಜೊತೆ ಎರಡು ಪ್ಲಾಸ್ಟಿಕ್ ಸಾಮಾನು ಬರುತ್ತವೆ. ಒಂದು, ಮೂರು ಸಣ್ಣ ಶೆಲ್ಲು ಕೂರಿಸುವ ತೊಟ್ಟಿಲು. ಇನ್ನೊಂದು, 18650 ಶೆಲ್ಲು ಅಲುಗದಿರಲೆಂದು ಸುತ್ತ ತೊಡಿಸುವ ಕೊಳವೆ. ಸಣ್ಣ ಶೆಲ್ಲು ಮೂರು ಸೇರಿದರೆ 4.5 ವೋಲ್ಟ್, ದೀಪ ಹತ್ತಿದ ಕೂಡಲೇ ಅದು ಕುಸಿದು 4ರ ಹತ್ತಿರ ಬರುತ್ತದೆ. ಲಿಥಿಯಂ ಒಂದೇ 4.2. ಹೀಗಾಗಿ ಎರಡೂ ನಡೆಯುತ್ತದೆ. ಆದರೆ ಅದೇ ತೊಟ್ಟಿಲಿಗೆ ಮೂರು 10440 ಲಿಥಿಯಂ ಕೂರಿಸಿದರೆ? ಸಲೀಸಾಗಿ ಕೂರುತ್ತವೆ. ಒಟ್ಟು 12 ವೋಲ್ಟಿಗೂ ಮೇಲೆ. ಗುಂಡಿ ಒತ್ತಿದ ಕ್ಷಣ ಎಲ್‌ಇಡಿ ಒಮ್ಮೆ ನೀಲಿಯಾಗಿ ಮಿಂಚಿ ಸುಟ್ಟುಹೋಗುತ್ತದೆ. ಪೆನ್ಸಿಲ್ ಶೆಲ್ಲಿನ ಟಾರ್ಚಿಗೆ 14500 ಹಾಕುವ ಮೊದಲು ಟಾರ್ಚಿನ ಪೆಟ್ಟಿಗೆಯ ಮೇಲೆ ಎಷ್ಟು ವೋಲ್ಟಿನವರೆಗೆ ಎಂದು ಬರೆದಿದೆ ನೋಡಬೇಕು. 4.2 ಎಂದಿದ್ದರೆ ಹಾಕಬಹುದು, 1.5 ಅಥವಾ 3 ಎಂದಿದ್ದರೆ ಬೇಡ. ಗೋಡೆ ಗಡಿಯಾರಕ್ಕೆ, ಮಕ್ಕಳ ಆಟಿಕೆಗೆ, ರಿಮೋಟಿಗೆ ಅಂತೂ ಬೇಡವೇ ಬೇಡ. ಮನೆಯಲ್ಲಿ 14500 ಇದ್ದರೆ ಪೆನ್ಸಿಲ್ ಶೆಲ್ಲುಗಳ ಡಬ್ಬಿಯಲ್ಲಿ ಕಲೆಸಿ ಇಡಬೇಡಿ. ಗಡಿಬಿಡಿಯಲ್ಲಿ ಯಾರ ಕೈಯಾದರೂ ತಪ್ಪುತ್ತದೆ.

ಪೆನ್ಸಿಲ್ ಶೆಲ್ಲಿನ ಟಾರ್ಚನ್ನು ಲಿಥಿಯಂಗೆ ಬದಲಾಯಿಸಲೇಬೇಕೆಂಬ ಆತುರವೂ ಬೇಡ ಎನ್ನುವುದು ನನ್ನ ಅಭಿಪ್ರಾಯ. ಲೆಕ್ಕ ಹಾಕಿ ನೋಡಿ. ಒಳ್ಳೆಯ 14500 ಶೆಲ್ಲು ಸುಮಾರು 800 ಮಿಲಿಆಂಪ್‌ಅವರ್, 3.7 ವೋಲ್ಟಿನಿಂದ ಗುಣಿಸಿದರೆ ಒಳಗಿನ ಒಟ್ಟು ಶಕ್ತಿ ಸುಮಾರು 3 ವ್ಯಾಟ್‌ಅವರ್. ಅದೇ ಅಳತೆಯ ನಿಕಲ್ ಮೆಟಲ್ ಹೈಡ್ರೈಡ್ ಶೆಲ್ಲು 2,000 ಮಿಲಿಆಂಪ್‌ಅವರ್, 1.2 ವೋಲ್ಟ್. ಅಂದರೆ 2.4 ವ್ಯಾಟ್‌ಅವರ್. ವ್ಯತ್ಯಾಸ ದೊಡ್ಡದಲ್ಲ. ಲಿಥಿಯಂ ಹಾಕಿದರೆ ಬೆಳಕು ಕಣ್ಣು ಕೋರೈಸುತ್ತದೆ, ನಿಜ, ಆದರೆ ಅಷ್ಟೇ ಬೇಗ ಮುಗಿಯುತ್ತದೆ, ಪುಟ್ಟ ಟಾರ್ಚಿನ ತಲೆ ಹಿಡಿಯಲಾರದಷ್ಟು ಬಿಸಿಯಾಗುತ್ತದೆ. ಅಡುಗೆಮನೆಯ ಕಪಾಟಿನಲ್ಲಿಡುವ, ಅಜ್ಜಿ ಬಚ್ಚಲಿಗೆ ಹೋಗುವಾಗ ಹಿಡಿಯುವ ಟಾರ್ಚಿಗೆ ನಿಕಲ್ ಶೆಲ್ಲೇ ಸರಿ. ಲಿಥಿಯಂನ ನಿಜವಾದ ಲಾಭ 18650 ಅಳತೆಯಲ್ಲಿದೆ. 3,000 ಮಿಲಿಆಂಪ್‌ಅವರಿನ ಒಂದು ಶೆಲ್ಲಿನಲ್ಲಿ ಹತ್ತಕ್ಕೂ ಹೆಚ್ಚು ವ್ಯಾಟ್‌ಅವರ್ ಇರುತ್ತದೆ, ತೂಕ ಐವತ್ತು ಗ್ರಾಮಿಗೂ ಕಡಿಮೆ.

ಈ ತೂಕ ಇನ್ನೊಂದು ಕಾರಣಕ್ಕೂ ನೆನಪಿರಲಿ. ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ 6,800, 9,900 ಮಿಲಿಆಂಪ್‌ಅವರ್ ಎಂದು ಅಚ್ಚು ಹಾಕಿದ 18650ಗಳು ಎಲ್ಲಕ್ಕಿಂತ ಅಗ್ಗಕ್ಕೆ ಸಿಗುತ್ತವೆ. ಆ ಅಂಕಿಗಳು ಶುದ್ಧ ಸುಳ್ಳು. ಈ ಅಳತೆಯ ಡಬ್ಬಿಯಲ್ಲಿ ಹಿಡಿಸಲು ಸಾಧ್ಯವಾಗಿರುವುದು ಸುಮಾರು 3,500, ಅಬ್ಬಬ್ಬಾ ಎಂದರೆ ಅದಕ್ಕಿಂತ ಸ್ವಲ್ಪ ಹೆಚ್ಚು. ನಿಜವಾದ ಶೆಲ್ಲು 45 ಗ್ರಾಮಿನ ಆಸುಪಾಸು ತೂಗುತ್ತದೆ. ಚಿನ್ನದಂಗಡಿಯ ತಕ್ಕಡಿ ಬೇಕಿಲ್ಲ, ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯೇ ಸಾಕು. ಮೂವತ್ತು ಗ್ರಾಂ ತೋರಿಸಿದರೆ ಒಳಗೆ ಅರ್ಧ ಸರಕಷ್ಟೇ ಇದೆ ಎಂದು ತಿಳಿಯಿರಿ. ಭಾರತೀಯ ಮಾನಕ ಬ್ಯೂರೋದ ಐಎಸ್ 16046 ಗುರುತು ಇದೆಯೇ ನೋಡುವುದು ಒಳ್ಳೆಯದು. ಈ ಶೆಲ್ಲುಗಳಿಗೆ ಅದು ಕಡ್ಡಾಯ.

ಶೆಲ್ಲಿನ ತುದಿಯನ್ನೊಮ್ಮೆ ಹತ್ತಿರದಿಂದ ನೋಡಬೇಕು. ಮೇಲಿನ ಮುಚ್ಚಳ ಮಾತ್ರ ಪ್ಲಸ್. ಉಳಿದ ಇಡೀ ಡಬ್ಬಿ, ಮುಚ್ಚಳದ ಸುತ್ತಲಿನ ಅಂಚು ಕೂಡ, ಮೈನಸ್. ಇವೆರಡರ ನಡುವೆ ಇರುವುದು ಒಂದು ಬಳೆಯಷ್ಟು ಜಾಗ. ಅದನ್ನು ಕಾಯುವುದು ಆ ಬಣ್ಣದ ತೆಳು ಹೊದಿಕೆ ಮತ್ತು ಅದರಡಿಯ ಕಾಗದದ ಉಂಗುರ. ಹೊದಿಕೆ ಅಲ್ಲಿ ಹರಿದಿದ್ದರೆ ಟಾರ್ಚಿನ ಸ್ಪ್ರಿಂಗೋ ಜೇಬಿನ ಬೀಗದಕೈಯೋ ಸಾಕು, ಶಾರ್ಟ್ ಆಗಲು. ಹಳೆಯ ಶೆಲ್ಲನ್ನು ಜೇಬಿಗೆ ಹಾಕಿಕೊಂಡು ಓಡಾಡುತ್ತಿದ್ದ ನಮಗೆ ಇದು ಹೊಸ ಪಾಠ. ಬಿಡಿ ಶೆಲ್ಲು ಒಯ್ಯುವುದಾದರೆ ಪ್ಲಾಸ್ಟಿಕ್ ಡಬ್ಬಿಯಲ್ಲೇ ಒಯ್ಯಬೇಕು. ವಿಮಾನದಲ್ಲಿ ಬಿಡಿ ಶೆಲ್ಲು ಕೈಚೀಲದಲ್ಲಿರಬೇಕು, ಸಾಮಾನಿನ ಪೆಟ್ಟಿಗೆಯಲ್ಲಿ ಹಾಕುವಂತಿಲ್ಲ ಎಂಬ ನಿಯಮವೂ ಇದೇ ಭಯದಿಂದ ಬಂದದ್ದು.

ಕೆಲವು ಶೆಲ್ಲುಗಳ ಬುಡದಲ್ಲಿ ನಾಣ್ಯದಗಲದ ರಕ್ಷಣಾ ಸರ್ಕ್ಯೂಟು ಇರುತ್ತದೆ. ಹೆಚ್ಚು ತುಂಬಿದರೆ, ಪೂರ್ತಿ ಬರಿದಾಗುತ್ತ ಬಂದರೆ, ಶಾರ್ಟ್ ಆದರೆ ಅದು ಸಂಪರ್ಕ ಕಡಿಯುತ್ತದೆ. ಎರಡು ಮೂರು ಮಿಲಿಮೀಟರ್ ಉದ್ದ ಜಾಸ್ತಿಯಾಗುವುದರಿಂದ ಕೆಲವು ಟಾರ್ಚಿನ ಮುಚ್ಚಳ ಪೂರ್ತಿ ಕೂರುವುದಿಲ್ಲ, ಕೊಳ್ಳುವಾಗ ಟಾರ್ಚನ್ನೂ ಒಯ್ದರೆ ಒಳ್ಳೆಯದು. ಬರಿದಾಗುವುದಕ್ಕೂ ರಕ್ಷಣೆ ಯಾಕೆ ಎಂದರೆ, ವೋಲ್ಟೇಜು ಎರಡಕ್ಕಿಂತ ಕೆಳಗಿಳಿದು ಹಾಗೇ ಉಳಿದರೆ ಒಳಗಿನ ತಾಮ್ರದ ಹಾಳೆಯೇ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಸಲ್ಲದ ಜಾಗದಲ್ಲಿ ಕಟ್ಟಿಕೊಂಡು ಒಳಗೊಳಗೇ ಶಾರ್ಟ್ ಆಗಬಹುದು. ವರ್ಷಗಟ್ಟಲೆ ಟ್ರಂಕಿನಲ್ಲಿ ಮರೆತಿದ್ದ, 1 ವೋಲ್ಟ್ ತೋರಿಸುವ ಶೆಲ್ಲನ್ನು ಬದುಕಿಸುವ ಸಾಹಸ ಬೇಡ. ಇನ್ನು, ಟಾರ್ಚಿಗೆ ಒಂದೇ ಲಿಥಿಯಂ ಶೆಲ್ಲು ಸಾಕು. ಎರಡು ಮೂರನ್ನು ಒಂದರ ಹಿಂದೊಂದು ಹಾಕುವ ಟಾರ್ಚಿನಲ್ಲಿ ಒಂದು ಮೊದಲೇ ಬರಿದಾದರೆ ಉಳಿದವು ಅದನ್ನು ತಿರುಗುಮುರುಗಾಗಿ ತಳ್ಳುತ್ತವೆ, ಅಪಘಾತಗಳಾಗುವುದು ಹೀಗೆಯೇ.

ಬಳಸುವ ಜನ ಒಗ್ಗಿಕೊಳ್ಳಬೇಕಾದ ಮತ್ತೊಂದು ಸಂಗತಿ ಬೆಳಕು ಆರುವ ರೀತಿ. ಹಳೆಯ ಬುರುಡೆ ವಾರದ ಮೊದಲೇ ಕೆಂಪಾಗಿ ಎಚ್ಚರಿಸುತ್ತಿತ್ತು. ಈ ಟಾರ್ಚು ಕೊನೆಯವರೆಗೂ ಒಂದೇ ಸಮ ಉರಿದು ಪಕ್ಕನೆ ಕತ್ತಲಾಗಬಹುದು, ಅದೂ ತೋಟದ ಸಂಕದ ನಡುವೆ. ಬ್ರೈಟ್, ಡಿಮ್ ಎರಡೂ ಇರುವ ಟಾರ್ಚಿನಲ್ಲಿ ದಾರಿ ನಡೆಯಲು ಡಿಮ್ಮೇ ಧಾರಾಳ. ಜೊತೆಗೆ ತುಂಬಿದ ಇನ್ನೊಂದು ಶೆಲ್ಲು ಡಬ್ಬಿಯಲ್ಲಿರಲಿ.

ಚಾರ್ಜ್ ಮಾಡುವ ಜಾಗದ ಬಗ್ಗೆ ಒಂದೇ ಮಾತು. ಹಾಸಿಗೆಯ ಮೇಲೆ, ಅಡಿಕೆ ಚೀಲದ ಪಕ್ಕ, ಹುಲ್ಲಿನ ಅಟ್ಟದಲ್ಲಿ ಬೇಡ. ಕಡಪದ ಕಲ್ಲಿನ ಮೇಲೋ ಸಿಮೆಂಟು ನೆಲದ ಮೇಲೋ ಮನೆಯವರು ಎಚ್ಚರವಿರುವಾಗ ಇಡಿ. ಕಲಬುರಗಿ, ರಾಯಚೂರಿನ ಬೇಸಗೆಯಲ್ಲಿ ಮುಚ್ಚಿದ ಕಾರಿನೊಳಗೆ ಟಾರ್ಚು ಬಿಟ್ಟುಹೋಗಬಾರದು. ಉಬ್ಬಿದ, ಸೀಳಿದ, ಸಿಹಿ ವಾಸನೆ ಬರುವ ಶೆಲ್ಲನ್ನು ಹೊರಗೆ ಮರಳಿನ ಬಕೆಟ್ಟಿನಲ್ಲಿಟ್ಟು ದೂರ ನಿಲ್ಲಿ, ಅದರ ಹೊಗೆ ವಿಷ.

ಆಯಸ್ಸು ಮುಗಿದದ್ದನ್ನು ತಿಪ್ಪೆಗೆ ಎಸೆಯುವುದು ನೋಡಿದರೆ ಸಂಕಟವಾಗುತ್ತದೆ. ಬ್ಯಾಟರಿ ತ್ಯಾಜ್ಯ ನಿರ್ವಹಣೆಗೆ 2022ರಲ್ಲಿ ಕೇಂದ್ರ ಹೊಸ ನಿಯಮ ತಂದು, ಹಳೆಯದನ್ನು ವಾಪಸು ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹಾಕಿದೆ. ಹಳ್ಳಿಯ ಪೇಟೆಗಳಲ್ಲಿ ವಾಪಸು ಕೊಡುವ ಡಬ್ಬಿ ನಾನಿನ್ನೂ ಕಂಡಿಲ್ಲ. ಅತ್ತ ಪರಮಾಣು ಖನಿಜ ನಿರ್ದೇಶನಾಲಯ ಮಂಡ್ಯ ಜಿಲ್ಲೆಯ ನೆಲದಲ್ಲಿ 1,600 ಟನ್ ಲಿಥಿಯಂ ಇರಬಹುದೆಂದು ಅಂದಾಜಿಸಿದೆ, ನಾವೆಲ್ಲ ಹೆಮ್ಮೆಪಟ್ಟೆವು. ಮಂಡ್ಯದ ಬಂಡೆ ಒಡೆದು ತೆಗೆಯಬೇಕೆಂದಿರುವ ಅದೇ ಲೋಹ ನಮ್ಮೂರ ಕಸದ ಗಾಡಿಯಲ್ಲಿ ಹೋಗುತ್ತಿದೆ. ಸದ್ಯಕ್ಕೆ ನಾನು ಸತ್ತ ಶೆಲ್ಲುಗಳ ಎರಡೂ ತುದಿಗೆ ಟೇಪು ಅಂಟಿಸಿ, ಬೆಂಗಳೂರಿಗೆ ಹೋಗುವಾಗ ಒಯ್ದು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡುತ್ತೇನೆ.

ಚಿಕ್ಕಪ್ಪನ ಟಾರ್ಚು ತೆಗೆದುಕೊಂಡು ಆ ರಿಪೇರಿ ಅಂಗಡಿಗೆ ಹೋದೆ. ಜಗಳಕ್ಕಲ್ಲ. ಮಳೆಗಾಲದಲ್ಲಿ ಸುತ್ತಲಿನ ಇಪ್ಪತ್ತು ಹಳ್ಳಿಯ ಟಾರ್ಚು ಉರಿಯುವುದು ಅವರ ಕೈಗುಣದಿಂದ. ಮೀಟರು ಮುಟ್ಟಿಸಿ ಅವರೇ ನೋಡಿಕೊಂಡರು. ಶೆಲ್ಲು ಅಷ್ಟು ಹೊತ್ತಿಗೆ ತಾನಾಗಿ ಇಳಿದಿದ್ದರೂ 4.3ಕ್ಕಿಂತ ಮೇಲೇ ಇತ್ತು. ನಾನು ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತಂದಿದ್ದ ಟಿಪಿ 4056 ಎಂಬ ಚಾರ್ಜಿಂಗ್ ಬೋರ್ಡನ್ನು ತೋರಿಸಿದೆ. ಬೆರಳ ತುದಿಯಷ್ಟು ದೊಡ್ಡದು, ಬೆಲೆ ಹತ್ತಾರು ರೂಪಾಯಿ. ಮೊಬೈಲ್ ಚಾರ್ಜರಿನ ವೈರು ಚುಚ್ಚಿದರೆ ತುಂಬುವಾಗ ಕೆಂಪು ದೀಪ, 4.2 ಮುಟ್ಟಿ ನಿಂತ ಮೇಲೆ ನೀಲಿ ದೀಪ. ರಕ್ಷಣಾ ಸರ್ಕ್ಯೂಟು ಕೂಡಿದ ಬಗೆಯದೇ ಬೇಕು, ಗೋಡೆಯ ಪಿನ್ನಿನ ಹಳೆಯ ಸರ್ಕ್ಯೂಟನ್ನು ಪೂರ್ತಿ ಕಿತ್ತು ಹಾಕಬೇಕು ಎಂದೆ. ಹಳೆಯ ಶೆಲ್ಲನ್ನು ಅಲ್ಲೇ ಬಿಡಿಸಿ ಹೊಸದನ್ನು, ಈ ಬೋರ್ಡನ್ನು ಕೂರಿಸಿಕೊಟ್ಟರು.

ದೀಪಾವಳಿಗೆ ಊರಿಗೆ ಹೋದಾಗ ಅಂಗಡಿಯ ಮುಂದೆ ಹಾದೆ. ಕೌಂಟರಿನ ಮೇಲೆ ಪ್ಲಗ್ಗಿನ ಟಾರ್ಚುಗಳು ಏಳೆಂಟು ಬಾಯಿ ತೆರೆದು ಮಲಗಿದ್ದವು. ಪಕ್ಕದ ಬಟ್ಟಲಿನಲ್ಲಿ ಕಿತ್ತ ಪಿನ್ನುಗಳ ರಾಶಿ, ಗೋಡೆಯ ಮೊಳೆಗೆ ಆ ಪುಟ್ಟ ಬೋರ್ಡುಗಳ ಒಂದು ಪಟ್ಟಿ ನೇತಾಡುತ್ತಿತ್ತು.

‘ಐವತ್ತು ರೂಪಾಯಿ ಜಾಸ್ತಿ ತಗೊಳ್ತೀನಿ ಸಾರ್’ ಎಂದರು ಬೆಸುಗೆಯಿಂದ ತಲೆ ಎತ್ತದೆ. ‘ಬೇಡ ಅಂದೋರಿಗೆ ಲಿಥಿಯಂ ಹಾಕಿಕೊಡಲ್ಲ, ಸೀಸದ್ದೇ ಹಾಕ್ತೀನಿ.’